ಗೇರ್ ತೆಗೆದ ಸೈಕಲ್‌ಗೆ ನಿಮ್ಮ ಕಡೆ ಏನಂತಾರೆ? ‘ಸಾದಾ ಮಾಡು’, ‘ಕುತ್ತಾ’, ‘ಭಂಗಾರ’

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ನೆರವು ಬೇಕು.

ನಮ್ಮ ಓಣಿಯ ಹೈಸ್ಕೂಲ್ ಹುಡುಗರು ಹಳೇ ಗೇರ್ ಸೈಕಲ್‌ಗಳ ಗೇರ್ ಬಿಚ್ಚಿ, ಮುಂದೊಂದು ಹಿಂದೊಂದು ಹಲ್ಲುಚಕ್ರ ಉಳಿಸಿಕೊಂಡು ಓಡಿಸಲು ಶುರು ಮಾಡಿದ್ದಾರೆ. ನಮ್ಮದು ಬಹುಪಾಲು ಮಟ್ಟಸವಾದ ಊರು. ಗೇರ್ ಇಲ್ಲದಿದ್ದರೂ ನಡೆಯುತ್ತದೆ. ಗೇರ್ ಕೆಟ್ಟಿತು ಅಂತ ಮೂಲೆಗೆ ಬಿದ್ದ ಸೈಕಲ್ ಮತ್ತೆ ರಸ್ತೆಗೆ ಬರುವುದು ಬಹಳ ಒಳ್ಳೆಯ ಕೆಲಸ. ಅವರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಓದುವವನು ಹತ್ತನೇ ಇಯತ್ತೆ ಹುಡುಗ. ಅದನ್ನು ಹಿಡಿದುಕೊಂಡು ಅವನು ಹೋಗಿ ನಿಲ್ಲುವುದು ರಿಪೇರಿ ಅಂಗಡಿಯ ಮುಂದೆ. ಇಬ್ಬರಿಗೂ ಒಂದೇ ಏಟಿಗೆ ತಿಳಿಯುವ ಪದ ಬೇಕು.

ಮೊದಲು ಆ ಸೈಕಲ್‌ನ ಹೆಸರೇ ತೊಡಕು. ‘ಸಿಂಗಲ್ ಸ್ಪೀಡ್’ ಅಂತ ಹುಡುಗರು ಫೋನಿನಲ್ಲಿ ನೋಡಿ ಕಲಿತಿದ್ದಾರೆ. ಅಂಗಡಿಯಲ್ಲಿ ಆ ಮಾತು ನಡೆಯುವುದಿಲ್ಲ. ‘ಒಂಟಿ ಗೇರ್’ ಅಂತ ಬರೆದು ನೋಡಿದೆ. ಅದೂ ಕೂರುತ್ತಿಲ್ಲ. ಕನ್ನಡದಲ್ಲಿ ಗೇರ್ ಅಂದರೆ ಬದಲಾಯಿಸುವಂಥದ್ದು ಅಂತಲೇ ಅರ್ಥ ಬೆಳೆದುಬಿಟ್ಟಿದೆ. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಸೈಕಲ್ ಇಟ್ಟುಕೊಂಡ ಹಿರಿಯರನ್ನು ಕೇಳಿ. ನಮ್ಮದಕ್ಕೆ ಒಂದು ಗೇರ್ ಇದೆ ಅಂತ ಯಾರೂ ಹೇಳುವುದಿಲ್ಲ, ಗೇರೇ ಇಲ್ಲ ಅಂತಾರೆ. ಲೆಕ್ಕದಲ್ಲಿ ಇದೆ ಅನ್ನಿ. ಮುಂದೆ 44 ಹಲ್ಲಿನ ಚೈನ್‌ವೀಲ್, ಹಿಂದೆ 18 ಹಲ್ಲಿನ ಫ್ರೀವೀಲ್ (ತುಳಿಯುವುದು ನಿಲ್ಲಿಸಿದರೂ ಗಾಲಿ ಓಡಲು ಬಿಡುವ ಹಲ್ಲುಚಕ್ರ) ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಆದರೆ ಮಾತು ಲೆಕ್ಕದ ಹಿಂದೆ ಹೋಗುವುದಿಲ್ಲ.

ಇಲ್ಲಿ ಅಂಗಡಿಗೆ ಬಂದವರು ಹೇಳುವುದು ಹೀಗೆ: “ಚಾಚಾ, ಇದರ ಗೇರ್ ತಗದು ಸಾದಾ ಮಾಡಿ ಕೊಡ್ರಿ.” ಇದು ನನಗೆ ತುಂಬಾ ಹಿಡಿಸಿತು. ‘ಸಾದಾ’ ಫಾರಸಿಯಿಂದ ಉರ್ದು ಹಾದು ಬಂದ ಪದ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಡೆ ಅದು ಮನೆಮಾತೇ ಆಗಿದೆ. ಕನ್ನಡದ ‘ಮಾಡು’ ಸೇರಿದ ಕೂಡಲೇ ಪೂರಾ ಕೆಲಸದ ಹೆಸರಾಯಿತು. ಬಿಚ್ಚುವುದು, ಬೇಡದ್ದನ್ನು ತೆಗೆಯುವುದು, ಉಳಿದದ್ದನ್ನು ಹೊಂದಿಸುವುದು, ಎಲ್ಲಾ ಅದರೊಳಗಿದೆ. ‘ಪರಿವರ್ತನೆ’ ಅಂತ ಬರೆದರೆ ಈ ಕೈಗೆಲಸದ ವಾಸನೆಯೇ ಬರುವುದಿಲ್ಲ.

ಒಂದು ತೊಡಕು ಮಾತ್ರ ಇದೆ. ‘ಸಾದಾ ಸೈಕಲ್’ ಅಂದರೆ ಹುಟ್ಟಿನಿಂದಲೇ ಗೇರ್ ಇಲ್ಲದ್ದು ಅಂತಲೂ ಆಗುತ್ತದೆ. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್‌ಗಳು ಆ ಜಾತಿಯವು. ಅವನ್ನು ಇಲ್ಲಿ ‘ಸರ್ಕಾರಿ ಸೈಕಲ್’ ಅಂತಾರೆ. ಹುಡುಗರಿಗೆ ಈಗ ಬೇಕಾದ ಬಿಡಿ ಸಾಮಾನು ಜಾಸ್ತಿ ಸಿಗುವುದೂ ಹಳೆಯದಾಗಿ ಬಿದ್ದ ಅವುಗಳಲ್ಲೇ. ಹಾಗಾಗಿ ಕೈಪಿಡಿಯಲ್ಲಿ ಹುಟ್ಟಾ ಗೇರ್ ಇಲ್ಲದ್ದಕ್ಕೆ ‘ಸಾದಾ ಸೈಕಲ್’, ಗೇರ್ ತೆಗೆದದ್ದಕ್ಕೆ ‘ಸಾದಾ ಮಾಡಿದ ಸೈಕಲ್’ ಅಂತ ಬರೆಯಬೇಕು ಅಂದುಕೊಂಡಿದ್ದೇನೆ. ಈ ಎರಡನ್ನು ಬೇರೆ ಮಾಡುವ ಚಿಕ್ಕ ಪದ ನಿಮ್ಮ ಕಡೆ ಇದೆಯಾ? ಬೀದರ್, ಯಾದಗಿರಿಯವರು ಹೇಳಿದರೆ ಇನ್ನೂ ಒಳ್ಳೆಯದು. ಮೈಸೂರು, ಮಂಗಳೂರು ಕಡೆ ‘ಸಾದಾ ಮಾಡು’ ಅಂದರೆ ಈ ಅರ್ಥ ಹೊಳೆಯುತ್ತದೋ ಇಲ್ಲವೋ, ಅದನ್ನೂ ತಿಳಿಸಿ.

ಇದರ ಜೊತೆಗೇ ಇನ್ನೊಂದು ಮಾತು. ಕೆಲವು ಹುಡುಗರು ಸಾದಾ ಮಾಡಿದ್ದನ್ನು ‘ಫಿಕ್ಸಿ’ ಅಂತ ಕರೆಯುತ್ತಿದ್ದಾರೆ. ಇದನ್ನು ಸುಮ್ನೆ ಬಿಡುವಂತಿಲ್ಲ. ಫಿಕ್ಸಿಯಲ್ಲಿ ಫ್ರೀವೀಲ್ ಇರುವುದಿಲ್ಲ. ಗಾಲಿ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತಲೇ ಇರುತ್ತದೆ, ಕಾಲು ನಿಲ್ಲಿಸಲು ಆಗುವುದಿಲ್ಲ. ಹೆಸರು ಕೇಳಿ ಅದೇ ಬೇಕು ಅಂತ ಒಬ್ಬ ಹುಡುಗ ಹಟ ಹಿಡಿದು, ಬ್ರೇಕೂ ಇಲ್ಲದೆ ಜಗತ್ ಸರ್ಕಲ್ಲಿನ ಟ್ರಾಫಿಕ್ಕಿಗೆ ಇಳಿದರೆ ಗತಿ ಏನು? ಹಾಗಾಗಿ ಫಿಕ್ಸಿಗೆ ‘ಕಾಲು ನಿಲ್ಲದ ಸೈಕಲ್’ ಅಂತ ಬರೆದಿದ್ದೇನೆ. ಉದ್ದವಾಯಿತು, ಗೊತ್ತು. ಆದರೆ ಓದಿದ ಕೂಡಲೇ ಅಪಾಯ ಎಲ್ಲಿದೆ ಅಂತ ತಿಳಿಯುತ್ತದೆ.

ಈಗ ಫ್ರೀವೀಲ್‌ಗೆ ಬರುತ್ತೇನೆ. ನನ್ನ ದೊಡ್ಡ ಪ್ರಶ್ನೆ ಇರುವುದು ಇಲ್ಲಿ. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ಚಾಚಾ ಹಳೇ ಫ್ರೀವೀಲ್ ಬಿಚ್ಚಿ ತೋರಿಸಿದರು. ಮೇಲಿನ ಬಿಲ್ಲೆಯಲ್ಲಿ ಎರಡು ಸಣ್ಣ ತೂತು. ಒಂದಕ್ಕೆ ಮೊಳೆ ಇಟ್ಟು ಮೆಲ್ಲಗೆ ಸುತ್ತಿಗೆಯಿಂದ ಹೊಡೆದರು, ಅದೂ ಗಡಿಯಾರದ ಮುಳ್ಳು ಓಡುವ ಕಡೆಗೇ. ಅಲ್ಲಿರುವುದು ಉಲ್ಟಾ ಆಟೆ, ಅಂದರೆ ತಿರುಪಿನ ಸುರುಳಿಯೇ ಉಲ್ಟಾ. ಬಿಲ್ಲೆ ಕಳಚಿತು. ಕಪ್ಪು ಗ್ರೀಸಿನಲ್ಲಿ ಸಾಸಿವೆಗಿಂತ ತುಸು ದಪ್ಪ ಗುಂಡುಗಳು, ಅವುಗಳ ಒಳಗೆ ಕೂದಲಿನಂಥ ತಂತಿ ಸ್ಪ್ರಿಂಗಿಗೆ ಒರಗಿದ ಎರಡು ಚಿಕ್ಕ ಉಕ್ಕಿನ ತುಂಡು. ಒಂದನ್ನು ಉಗುರಿನ ತುದಿಯಲ್ಲಿ ಎತ್ತಿ ಹೇಳಿದರು: “ಇದು ಕುತ್ತಾ ನೋಡ್ರಿ. ಮೂತಿ ಸವದದ. ಅದಕ್ಕೇ ಪೆಡಲ್ ಖಾಲಿ ತಿರಗತದ.”

ಸೈಕಲ್ ಇಳಿಜಾರಿನಲ್ಲಿ ತಾನಾಗಿ ಓಡುವಾಗ ಟಿಕಟಿಕ ಅನ್ನುತ್ತದಲ್ವಾ, ಅದು ಈ ಕುತ್ತಾಗಳು ಒಳಗಿನ ಹಲ್ಲುಗಳ ಮೇಲೆ ಜಾರುವ ಸದ್ದು. ಪೆಡಲ್ ತುಳಿದ ಕೂಡಲೇ ಅವೇ ಹಲ್ಲನ್ನು ಕಚ್ಚಿ ಹಿಡಿಯುತ್ತವೆ. ಕುತ್ತಾ ಅಂದರೆ ನಾಯಿ, ಕಚ್ಚುವುದರಿಂದಲೇ ಈ ಹೆಸರು ಅಂತ ನನಗೆ ತೋರುತ್ತದೆ. ಮರಾಠಿಯಲ್ಲೂ ಇದಕ್ಕೆ ‘ಕುತ್ರಾ’ ಅಂತಾರೆ. ಇಂಗ್ಲಿಷ್ ಯಂತ್ರದವರೂ ಹಿಡಿದುಕೊಳ್ಳುವ ಕೊಂಡಿಗೆ ‘ಡಾಗ್’ ಅನ್ನುತ್ತಾರೆ. ಹಾಗಾದರೆ ಕನ್ನಡದಲ್ಲಿ ‘ನಾಯಿ’ ಅನ್ನುವ ಬಳಕೆ ಎಲ್ಲಾದರೂ ಇದೆಯಾ? ಬಂದೂಕಿಗೆ ನಮ್ಮವರು ‘ಕುದುರೆ’ ಕೊಟ್ಟಿದ್ದಾರೆ, ಸೈಕಲ್‌ಗೆ ನಾಯಿ ಕೊಟ್ಟಿರಬಹುದು. ಹಳೇ ಮೈಸೂರಿನ ಅಂಗಡಿಗಳಲ್ಲಿ, ಬಾವಿಯ ರಾಟೆಯಲ್ಲಿ, ಕೈಮಗ್ಗದಲ್ಲಿ ಇಂಥ ಹಿಡಿಯುವ ತುಂಡಿಗೆ ಏನಂತಾರೆ? ಮಗ್ಗ ಬಲ್ಲವರು ದಯವಿಟ್ಟು ಹೇಳಿ. ಸದ್ಯಕ್ಕೆ ಕೈಪಿಡಿಯಲ್ಲಿ ‘ಕುತ್ತಾ’ ಅಂತಲೇ ಇಟ್ಟಿದ್ದೇನೆ, ಪಕ್ಕದಲ್ಲಿ ಚಿತ್ರ ಇರುತ್ತದೆ.

ಅಂಗಡಿಯ ಮಾತು ಇದ್ದಲ್ಲಿ ಅದನ್ನೇ ಹಾಕುವುದು ನನ್ನ ಹಟ. ಪಾನಾ (ಸ್ಪ್ಯಾನರ್), ವಾಸರ್ (ವಾಷರ್), ಗಾಲಿ, ಬೆಂಡ್ ತೆಗೆಯುವುದು, ಇವಕ್ಕೆ ಬೇರೆ ಪದ ಹುಡುಕುವುದಿಲ್ಲ. ಚೈನ್‌ನಲ್ಲಿ ‘ಗೇರ್ ಚೈನ್’, ‘ಸಾದಾ ಚೈನ್’ ಅನ್ನುವ ಭೇದ ಆಗಲೇ ಇದೆ. ಅದು ಬೇಕೇ ಬೇಕು. ಎರಡರಲ್ಲೂ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚೇ. ಆದರೆ ಗೇರ್ ಚೈನ್ ಒಳಗೆ ಕಿರಿದು, ಸಾದಾ ಫ್ರೀವೀಲ್‌ನ ದಪ್ಪ ಹಲ್ಲಿನ ಮೇಲೆ ಕೂರುವುದಿಲ್ಲ. ಸಾದಾ ಚೈನ್ ಎರಡಕ್ಕೂ ನಡೆಯುತ್ತದೆ.

ಆದರೆ ಒಂದು ಕಡೆ ಅಂಗಡಿಯ ಮಾತು ಸಾಲುವುದಿಲ್ಲ. ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ ಎರಡೂ ಒಂದೇ ಗೆರೆಯಲ್ಲಿರಬೇಕು. ಇಲ್ಲವಾದರೆ ಚೈನ್ ಕರಕರ ಅನ್ನುತ್ತದೆ, ಬೇಗ ಸವೆಯುತ್ತದೆ, ಗುಂಡಿಗೆ ಇಳಿದಾಗ ಕಳಚುತ್ತದೆ. ಕಡಿಮೆ ಬೆಲೆಯ ಗೇರ್ ಸೈಕಲ್‌ಗಳ ಹಿಂದಿನ ಹಬ್‌ಗೆ (ಗಾಲಿಯ ನಡುವಿನ ಭಾಗಕ್ಕೆ) ಸಾದಾ ಫ್ರೀವೀಲ್ ಅದೇ ಆಟೆಗೆ ಸಲೀಸಾಗಿ ಹತ್ತುತ್ತದೆ, ಆದರೆ ಸ್ಪೋಕ್ ಕಡೆಗೆ ಒಳಗೆ ಸರಿದು ಕೂರುತ್ತದೆ. ಆಗ ಆಕ್ಸಲ್‌ನ ಬಲಗಡೆಯ ವಾಸರ್ ತೆಗೆದು ಎಡಗಡೆ ಹಾಕಬೇಕು. ಗಾಲಿ ಬಲಕ್ಕೆ ಸರಿಯುತ್ತದೆ. ಎಡಗಡೆಯ ಸ್ಪೋಕ್ ಬಿಗಿ ಮಾಡಿ, ಬಲಗಡೆಯವನ್ನು ಸಡಿಲಿಸಿ ರಿಮ್ಮನ್ನು ನಡುವಿಗೆ ತರಬೇಕು. ಇಷ್ಟೆಲ್ಲಾ ಯಾತಕ್ಕೋ, ಆ ಗೆರೆಗೆ ಅಂಗಡಿಯಲ್ಲಿ ಹೆಸರಿಲ್ಲ. “ಚೈನ್ ಸೀದಾ ಬರಬೇಕ್ರಿ” ಅಂತಾರೆ ಅಷ್ಟೇ. ‘ಚೈನ್ ಸೀದಾ’ ಅಂತ ಹೆಸರು ಮಾಡಬಹುದಾ, ‘ಚೈನಿನ ಸಾಲು’ ಅನ್ನುವುದು ಮೇಲಾ? ರೈತರು ಬಿತ್ತುವಾಗ ಸಾಲು ಹಿಡಿಯುವುದು ಅಂತಾರಲ್ಲ, ಅದರಿಂದ ‘ಸಾಲು ಹಿಡಿಸು’ ಅನ್ನುವುದು ನನ್ನ ಮನಸ್ಸಿನಲ್ಲಿದೆ. ನಿಮಗೆ ಹೇಗೆ ಕೇಳಿಸುತ್ತದೆ ಹೇಳಿ.

ಕೊನೆಯದು ಹಳೇ ಸಾಮಾನಿನ ಮಾತು. ಬೆಂಗಳೂರು ಕಡೆ ‘ಗುಜರಿ’ ಅನ್ನುವುದಕ್ಕೆ ಇಲ್ಲಿ ‘ಭಂಗಾರ’. ಮರಾಠಿಯಿಂದ ಬಂದದ್ದು, ಮುರಿದದ್ದು ಅನ್ನುವ ಅರ್ಥದ್ದು. ಆಡುವಾಗ ಮಹಾಪ್ರಾಣ ಜಾರಿದರೆ ‘ಬಂಗಾರ’ವೇ ಆಗಿಬಿಡುತ್ತದೆ. ದಕ್ಷಿಣದ ಓದುಗರು ಅಚ್ಚಿನ ತಪ್ಪು ಅಂದುಕೊಂಡಾರು ಅನ್ನುವ ಭಯ ನನಗಿದೆ. ಅದಕ್ಕಿಂತ ಮುಖ್ಯವಾದದ್ದು, ಭಂಗಾರದಲ್ಲಿ ಎರಡು ಬಗೆ ಇದೆ. ಒಂದು ತೂಕಕ್ಕೆ ಹೋಗುವುದು. ಇನ್ನೊಂದು ತೊಳೆದು ಎಣ್ಣೆ ಬಿಟ್ಟರೆ ಮತ್ತೆ ದುಡಿಯುವುದು. ಮೊದಲನೆಯದಕ್ಕೆ ‘ಕಂಡಮ್’ ಅನ್ನುವ ಗಟ್ಟಿ ಪದ ಎಲ್ಲಾ ಕಡೆ ಇದೆ. ಎರಡನೆಯದಕ್ಕೆ ಇಲ್ಲಿ ‘ಹಳೇ ಮಾಲು’ ಅಂತಾರೆ. ಚೈನ್‌ವೀಲ್, ಹಬ್, ಹ್ಯಾಂಡಲ್ ಹಳೇ ಮಾಲು ಆದರೂ ನಡೆಯುತ್ತದೆ. ಬ್ರೇಕ್ ವಾಯರ್, ಬ್ರೇಕ್ ರಬ್ಬರ್ ಮಾತ್ರ ಹೊಸವೇ ಆಗಬೇಕು. ಇದನ್ನು ಹುಡುಗನ ತಲೆಗೆ ಹತ್ತಿಸಲು ‘ಹಳೇ ಮಾಲು’ ಸಾಕಾಗುತ್ತಿಲ್ಲ. ಬಿಚ್ಚಿ ತೆಗೆದದ್ದು, ಇನ್ನೂ ಜೀವ ಇರುವಂಥದ್ದು ಅನ್ನುವ ಅರ್ಥ ಬರುವ ಒಂದು ಪದ ನಿಮ್ಮ ಊರಿನ ಸೈಕಲ್, ಟ್ರ್ಯಾಕ್ಟರ್, ಪಂಪ್‌ಸೆಟ್ ಅಂಗಡಿಗಳಲ್ಲಿ ಕೇಳಿದ್ದರೆ ಊರಿನ ಹೆಸರಿನ ಸಮೇತ ಬರೆಯಿರಿ.