ಸಹಾಯ ಬೇಕು: ಡಬ್ಬಿಯೊಳಗ ಮಂಡಾಳು (ಮಂಡಕ್ಕಿ) ಒಗ್ಗರಣಿ ಮುದ್ದಿ ಆಗ್ತದ

ರಾಯಚೂರು ಕಡೆ ಮುಂಜಾನೆ ಒಗ್ಗರಣಿ ಮಾಡಿ ಡ್ಯೂಟಿಗೆ ಡಬ್ಬಿ ಕಟ್ಟೋರು ಒಂದಿಷ್ಟು ಹೇಳ್ರಿ.

ಅಳತಿ ಹಿಂಗದ: ಮಂಡಾಳು ಕಾಲು ಕಿಲೋ, ಉಳ್ಳಾಗಡ್ಡಿ 2, ಟೊಮೆಟೊ 1, ಹಸಿಮೆಣಸಿನಕಾಯಿ 6, ಎಣ್ಣಿ 4 ಚಮಚ, ಪುಟಾಣಿ (ಹುರಿಗಡಲಿ) ಹಿಟ್ಟು 4 ಚಮಚ. ಮಂಡಾಳು ನೀರಾಗ ಒಂದು ಸಲ ಮುಳುಗಿಸಿ, ಹತ್ತು ಎಣಿಸೋದ್ರೊಳಗ ಹಿಂಡಿ ತೆಗೀಬೇಕು. ಅಂಗೈಯಾಗ ಒತ್ತಿದ್ರ ಹನಿ ಬೀಳಬಾರದು. ಇಲ್ಲಿತನಕ ಎಲ್ಲಾ ಸರಿ. ಒಲಿ ಆರಿಸಿದ ಮ್ಯಾಲೆ ಪುಟಾಣಿ ಹಿಟ್ಟು, ಕಡೀಕ ನಿಂಬಿಹಣ್ಣು.

ತಾಟಿಗೆ ಬಡಿಸಿದಾಗ ಬಿಡಿಬಿಡಿ ಇರ್ತದ. ಅದನ್ನೇ 8 ಗಂಟೆಗೆ ಸ್ಟೀಲ್ ಡಬ್ಬಿಗೆ ತುಂಬಿ 11ಕ್ಕ ತೆಗೆದ್ರ ಮುಚ್ಚಳದಾಗ ನೀರ ಹನಿ, ಕೆಳಗ ಮುದ್ದಿ. ಬಿಸಿ ಇದ್ದಾಗ ಮುಚ್ಚಿದ್ರ ಹಬೆ ತಿರುಗಿ ಇಳೀತದ, ಅದು ಗೊತ್ತು. ಪರಾತದಾಗ ಹರವಿ, ಆರಿಸಿ ತುಂಬಿದ್ರ ಹನಿ ನಿಂತ್ವು, ಮುದ್ದಿ ಮಾತ್ರ ನಿಲ್ಲಲಿಲ್ಲ. ಹಂಗಾರ ತಪ್ಪು ಟೊಮೆಟೊದ್ದಾ? ರಸ ಪೂರ್ತಿ ಇಂಗಿಸಬೇಕಾ, ಇಲ್ಲಾ ಬಿಟ್ಟೇ ಬಿಡಬೇಕಾ? ಪುಟಾಣಿ ಹಿಟ್ಟು ಇನ್ನೆರಡು ಚಮಚ ಹಾಕಿದ್ರ ಪಸಿ ಹೀರ್ತದ ಖರೆ, ಆದ್ರ ಗಂಟಲಿಗೆ ಹಿಡೀತದ. ದಪ್ಪ ಮಂಡಾಳು ತಗೊಂಡ್ರ ಮೂರು ತಾಸು ತಡೀತದಾ?

ಒಗ್ಗರಣಿ ಜೋಡಿ ತಿನ್ನೋ ಮಿರ್ಚಿ ಭಜಿ ಬಗ್ಗೆ ಕೇಳ್ತಿಲ್ಲ. ಅದು ಡಬ್ಬಿಗೆ ಹಾಕೋ ವಸ್ತುನೇ ಅಲ್ಲ, ಬಾಣಲಿ ಮುಂದ ನಿಂತು ಊದಿ ಊದಿ ತಿನ್ನೋದು. ರಾತ್ರಿ ಮ್ಯಾಚ್ ನೋಡಿ ತಡವಾಗಿ ಏಳೋ ಮನಿಯೊಳಗ ಹರವಿ ಆರಿಸೋಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಸಿಗಲ್ಲ. ಅಷ್ಟರಾಗ ಆಗೋ ಉಪಾಯ ಇದ್ರ ಅಳತಿ ಸಮೇತ ಬರೀರಿ. ಸಿಂಧನೂರು, ಗಂಗಾವತಿ ಕಡೆ ಬುತ್ತಿ ಕಟ್ಟೋರು ಇದ್ರ ಇನ್ನೂ ಚಲೋ.