ಮಗು ಚೆನ್ನಾಗೇ ಆಡ್ತಿದೆ, ಆದ್ರೂ 28 ದಿನ ಟೋಬ್ರಾಮೈಸಿನ್ ಕೊಡಲೇಬೇಕಾ?

ಶಿಡ್ಲಘಟ್ಟದ ಅಪ್ಪ:
ನಮಸ್ಕಾರ. ಮಗಳಿಗೆ ಆರು ವರ್ಷ, ಸಿಸ್ಟಿಕ್ ಫೈಬ್ರೋಸಿಸ್ ಇದೆ, ಅಂದ್ರೆ ಶ್ವಾಸಕೋಶದಲ್ಲಿ ಕಫ ಅಂಟಾಗಿ ಕಟ್ಟಿಕೊಳ್ಳೋ, ಊಟ ಸರಿಯಾಗಿ ಜೀರ್ಣ ಆಗದ ಹುಟ್ಟು ಕಾಯಿಲೆ. ಊಟದ ಜೊತೆ ಎನ್‌ಜೈಮ್ ಕ್ಯಾಪ್ಸೂಲ್, ಉಪ್ಪುನೀರಿನ ನೆಬುಲೈಸರ್, ಬೆನ್ನು ತಟ್ಟೋದು ಎಲ್ಲ ನಡೀತಿದೆ. ಮೊನ್ನೆ ಬೆಂಗಳೂರಿಗೆ ಹೋದಾಗ ಗಂಟಲಿಂದ ಸ್ವಾಬ್ ತಗೊಂಡ್ರು, ಲ್ಯಾಬಲ್ಲಿ ಕ್ರಿಮಿ ಬೆಳೆಸಿ ನೋಡೋ ಕಲ್ಚರ್‌ನಲ್ಲಿ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಬಂತು. ಇದೇ ಮೊದಲ ಸಲ. ಟೋಬ್ರಾಮೈಸಿನ್ ಅನ್ನೋ ಆಂಟಿಬಯೋಟಿಕ್ 300 ಮಿ.ಗ್ರಾಂ, ದಿನಕ್ಕೆ ಎರಡು ಸಲ, 28 ದಿನ ನೆಬುಲೈಸರ್‌ನಲ್ಲಿ ಕೊಡಿ ಅಂದಿದ್ದಾರೆ. ಜ್ವರ ಇಲ್ಲ, ಕೆಮ್ಮು ಜಾಸ್ತಿ ಆಗಿಲ್ಲ, ಬೀದಿ ತುಂಬ ಸೈಕಲ್ ಹೊಡೀತಾಳೆ. ನಮ್ಮತ್ತೆ "ಚೆನ್ನಾಗಿರೋ ಕೂಸಿಗೆ ತಿಂಗಳುಗಟ್ಲೆ ಔಷಧಿ ಯಾಕಪ್ಪಾ" ಅಂತಾರೆ. ಬೆಲೆ ಕೇಳಿದ ಮೇಲೆ ನನಗೂ ಹಾಗೇ ಅನಿಸ್ತಿದೆ. ಒಂದು ವಾರ ಕೊಟ್ಟು ಇನ್ನೊಂದು ಕಲ್ಚರ್ ಮಾಡಿಸಿದ್ರೆ ಸಾಲದಾ?

ಕ್ಯಾತ್ಸಂದ್ರದ ಅಮ್ಮ:
ಸಾಲಲ್ಲ ಅಣ್ಣ. ನಿಮ್ಮತ್ತೆಗೆ ಬೇಕಾದ್ರೆ ನಾನೇ ಹೇಳ್ತೀನಿ.

ನನ್ನ ಮಗನಿಗೆ ಈಗ ಹದಿನಾರು. ಅವನಿಗೆ ಈ ಕ್ರಿಮಿ ಇದೆ ಅಂತ ಗೊತ್ತಾಗೋ ಹೊತ್ತಿಗೆ ಅದು ಶ್ವಾಸಕೋಶದಲ್ಲಿ ಮನೆ ಕಟ್ಟಿಬಿಟ್ಟಿತ್ತು. ಹಳೇ ತೊಟ್ಟಿ ಗೋಡೆಗೆ ಕಟ್ಟೋ ಲೋಳೆ ನೋಡಿದ್ದೀರಲ್ಲ, ಹಾಗೆ ಅದು ತನ್ನ ಸುತ್ತ ಲೋಳೆ ಕಟ್ಕೊಂಡು ಒಳಗೆ ಕೂರುತ್ತೆ. ಬಯೋಫಿಲ್ಮ್ ಅಂತಾರೆ. ಆಮೇಲೆ ಯಾವ ಆಂಟಿಬಯೋಟಿಕ್ ಕೊಟ್ರೂ ತಗ್ಗುತ್ತೆ ಅಷ್ಟೆ, ಪೂರ್ತಿ ಹೋಗೋದು ಬಹಳ ಕಷ್ಟ. ಅದಕ್ಕೇ ಅವನಿಗೆ ಒಂದು ತಿಂಗಳು ಟೋಬ್ರಾಮೈಸಿನ್, ಒಂದು ತಿಂಗಳು ಬಿಡುವು, ಮತ್ತೆ ಅದೇ ಸುತ್ತು. ವಾರಕ್ಕೆ ಮೂರು ದಿನ ಅಜಿತ್ರೋಮೈಸಿನ್ ಮಾತ್ರೆ ಬೇರೆ, ಅದು ಉರಿಯೂತ ತಗ್ಗಿಸೋಕೆ. ಕಫ ಜಾಸ್ತಿಯಾಗಿ ತೂಕ ಇಳಿದ್ರೆ ಅಡ್ಮಿಟ್, ಡ್ರಿಪ್‌ನಲ್ಲಿ ಸೆಫ್ಟಾಜಿಡಿಮ್ ಜೊತೆಗೆ ಟೋಬ್ರಾಮೈಸಿನ್, ಸುಮಾರು ಎರಡು ವಾರ. ರಕ್ತದಲ್ಲಿ ಔಷಧಿ ಮಟ್ಟ ನೋಡ್ತಾರೆ, ಕಿಡ್ನಿ ನೋಡ್ತಾರೆ, ಕಿವಿ ಪರೀಕ್ಷೆ ಮಾಡಿಸ್ತಾರೆ.

ನಿಮ್ಮ ಮಗಳಲ್ಲಿ ಅದು ಈಗಷ್ಟೇ ಬಂದಿದೆ, ಲೋಳೆ ಕಟ್ಟಿಲ್ಲ. ಓಡಿಸೋಕೆ ಆಗೋದು ಈಗಲೇ. ಜ್ವರ ಬರಲಿ ಅಂತ ಕಾಯೋ ಕಾಯಿಲೆ ಅಲ್ಲ ಇದು. ದುಡ್ಡಿನ ವಿಷಯ ಡಾಕ್ಟರ ಹತ್ರ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. ಕಡಿಮೆ ಬೆಲೆಯ ಕಂಪನಿದು ಇದೆಯಾ, ಕೊಲಿಸ್ಟಿನ್ ಅನ್ನೋ ಬೇರೆ ಆಂಟಿಬಯೋಟಿಕ್ ಆಗುತ್ತಾ, ಅವರೇ ನೋಡ್ತಾರೆ. ನೀವಾಗಿ ದಿನ ಕಮ್ಮಿ ಮಾಡ್ಬೇಡಿ.

ಫಿಸಿಯೋ, ಕೋಲಾರ:
ಅಕ್ಕ ಹೇಳಿದ್ದು ಸರಿ. ಎಲೈಟ್ ಅನ್ನೋ ಅಧ್ಯಯನದಲ್ಲಿ ಟೋಬ್ರಾಮೈಸಿನ್ 28 ದಿನ ತಗೊಂಡವರನ್ನೂ 56 ದಿನ ತಗೊಂಡವರನ್ನೂ ಹೋಲಿಸಿ ನೋಡಿದ್ರು. ಔಷಧಿ ಮುಗಿದು ಒಂದು ತಿಂಗಳ ಮೇಲೂ ಎರಡೂ ಕಡೆ 90%ಗಿಂತ ಹೆಚ್ಚು ಜನರಲ್ಲಿ ಕ್ರಿಮಿ ಕಾಣಲಿಲ್ಲ. 28 ಅನ್ನೋ ಲೆಕ್ಕ ಸುಮ್ಮನೆ ಬಂದದ್ದಲ್ಲ ಸರ್.

ಕ್ರಮ ತಪ್ಪಿಸ್ಬೇಡಿ. ಮೊದಲು ಉಸಿರುನಾಳ ಅಗಲ ಮಾಡೋ ಸಾಲ್ಬುಟಮಾಲ್, ಆಮೇಲೆ ಉಪ್ಪುನೀರು, ಆಮೇಲೆ ಕಫ ತೆಗೆಯೋ ವ್ಯಾಯಾಮ, ಕೊನೆಗೆ ಟೋಬ್ರಾಮೈಸಿನ್. ಕಫದ ಮೇಲೇ ಔಷಧಿ ಬಿಟ್ರೆ ಒಳಗೆ ಇಳಿಯಲ್ಲ. ಬೇರೆ ಔಷಧಿ ಜೊತೆ ಒಂದೇ ಕಪ್‌ನಲ್ಲಿ ಬೆರೆಸ್ಬೇಡಿ. ಎರಡು ಡೋಸ್ ನಡುವೆ 12 ಗಂಟೆ ಇರಲಿ, ಏನೇ ಆದ್ರೂ 6 ಗಂಟೆಗಿಂತ ಕಡಿಮೆ ಆಗ್ಬಾರದು. ಕಿವಿಯಲ್ಲಿ ಗುಂಯ್ ಅಂತಿದೆ ಅಂದ್ರೆ ತಕ್ಷಣ ಡಾಕ್ಟರಿಗೆ ತಿಳಿಸಿ. ದನಿ ಒಡೆಯೋದು ಸಾಮಾನ್ಯ.

ಶಿಡ್ಲಘಟ್ಟದ ಅಪ್ಪ:
ಇವತ್ತೇ ಶುರು ಮಾಡ್ತೀನಿ. ನೆಬುಲೈಸರ್ ಕಪ್ಪನ್ನ ಬೋರ್‌ವೆಲ್ ನೀರಲ್ಲಿ ತೊಳೆದು ಮುಚ್ಚಿ ಇಡ್ತೀವಿ, ಪರವಾಗಿಲ್ವಾ?

ಕ್ಯಾತ್ಸಂದ್ರದ ಅಮ್ಮ:
ಅಯ್ಯೋ, ಬೇಡ! ಈ ಕ್ರಿಮಿಗೆ ನೀರು, ತೇವ ಅಂದ್ರೆ ಪ್ರಾಣ. ಸೋಪಲ್ಲಿ ತೊಳೆದು, ಕಪ್ ಕುದಿಸೋಕೆ ಬರುತ್ತಾ ಅಂತ ಅದರ ಚೀಟಿಯಲ್ಲಿ ನೋಡಿ, ಐದು ನಿಮಿಷ ಕುದಿಸಿ. ಬಿಚ್ಚಿಟ್ಟು ಗಾಳಿಗೆ ಪೂರ್ತಿ ಒಣಗಿಸಿ, ಆಮೇಲೆ ಮುಚ್ಚಿ. ಎರಡು ಕಪ್ ಇಟ್ಕೊಂಡ್ರೆ ಬೆಳಗ್ಗೆ ಶಾಲೆ ಗಡಿಬಿಡಿಯಲ್ಲಿ ಒದ್ದೆ ಕಪ್ಪೇ ಹಾಕೋ ಪ್ರಸಂಗ ಬರಲ್ಲ. ಮುಗಿದ ಮೇಲೆ ಕಲ್ಚರ್ ಯಾವಾಗ ಅಂತ ಈಗಲೇ ಕೇಳಿ ಬರೆದಿಡಿ. ಆಮೇಲೂ ಮೂರು ತಿಂಗಳಿಗೊಂದು ಸ್ವಾಬ್, ಮಗು ಎಷ್ಟೇ ಸೈಕಲ್ ಹೊಡೀಲಿ.