ಎಪಿಎಲ್ ಕಾರ್ಡಿನವರಿಗೆ ಬರೀ ಶೇ 30 ಯಾಕೆ?

ಹೊಸನಗರ ಗೌಡ: ಹೋದ ಮಳೆಗಾಲದಲ್ಲಿ ನನ್ನ ತಮ್ಮ ಕೊಳೆ ರೋಗದ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ರೆಫರಲ್ ಬರೆಸಿಕೊಂಡು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಕೌಂಟರಿನಲ್ಲಿ ರೇಷನ್ ಕಾರ್ಡ್ ನೋಡಿ, 'ಎಪಿಎಲ್ ಅಲ್ವಾ, ಆಯುಷ್ಮಾನ್ ಯೋಜನೆಯಲ್ಲಿ ನಿಗದಿಯಾದ ಚಿಕಿತ್ಸಾ ದರದ ಶೇ 30 ಮಾತ್ರ ಸರ್ಕಾರದ್ದು, ಉಳಿದದ್ದು ನೀವೇ ಕಟ್ಟಿ' ಎಂದರು. ಬಿಪಿಎಲ್ ಆದರೆ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ನಮಗೆ 1.5 ಲಕ್ಷ ದಾಟುವ ಹಾಗಿಲ್ಲ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯನ್ನು ಕೇಂದ್ರದ ಆಯುಷ್ಮಾನ್ ಭಾರತಕ್ಕೆ ಸೇರಿಸಿದರು, ಈ ಭೇದ ಹಾಗೇ ಉಳಿಯಿತು. ಕಾರ್ಡ್ ನೋಡಿ ಅಳೆಯೋದು ಬಿಡಿ. ದೇಶಕ್ಕೆಲ್ಲ ಒಂದೇ ವಿಮೆ ಮಾಡಿ. ದುಡ್ಡಿರೋರ ಹತ್ತಿರ ಕಂತು ಜಾಸ್ತಿ ತಗೊಳ್ಳಿ.

ಲೆಕ್ಕದ ಶೆಟ್ಟಿ: 'ಕಂತು ಜಾಸ್ತಿ ತಗೊಳ್ಳಿ' ಅಂತೆ. ಯಾರ ಹತ್ತಿರ ಮಾರಾಯ್ರೆ? ನಾನು ಬ್ಯಾಂಕಿನಲ್ಲಿ ದುಡಿದವನು. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಹಿಡಿಯುತ್ತಿದ್ದರು. ಅಡಿಕೆ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸೇ ಇಲ್ಲ. ನಿಮ್ಮ ಆದಾಯ ಅಳೆಯೋರು ಯಾರು? ರಾಶಿ ಇಡಿ ಅಡಿಕೆ ರೇಟು ಏರಿದಾಗ ಸುಮ್ನೆ ಇರುತ್ತೀರಿ. ಬಿಲ್ ಬಂದಾಗ ಸರ್ಕಾರ ನೆನಪಾಗುತ್ತೆ.

ಔಷಧಿ ಅಂಗಡಿ: ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಇಬ್ಬರೂ ಒಂದು ನಿಮಿಷ ಕೇಳಿ. ಈ ಆಯುಷ್ಮಾನ್ ಕಾರ್ಡ್ ನಡೆಯುವುದು ಅಡ್ಮಿಟ್ ಆದರೆ ಮಾತ್ರ. ಬಿಪಿ, ಶುಗರ್ ಮಾತ್ರೆಗೆ ಪ್ರತಿ ತಿಂಗಳು ಕೈಯಿಂದಲೇ ಹೋಗುತ್ತೆ. ತಿಂಗಳ ಕೊನೆಗೆ 'ಐದೇ ಮಾತ್ರೆ ಕತ್ತರಿಸಿ ಕೊಡಿ' ಎಂದು ಬರುವವರನ್ನು ನಾನು ದಿನಾ ನೋಡುತ್ತೇನೆ. ಅವರೇ ಮುಂದೆ ಲಕ್ವ ಹೊಡೆದು ಅಡ್ಮಿಟ್ ಆಗುವುದು. ಸರಿ ಮಾಡೋದಿದ್ದರೆ ಅಲ್ಲಿಂದ ಶುರು ಮಾಡಿ.

ಹೊಸನಗರ ಗೌಡ: ಶೆಟ್ಟರೇ, ರಾಶಿ ಇಡಿ ರೇಟು ನಿಮಗೆ ಗೊತ್ತು. ಎಲೆಚುಕ್ಕಿ ರೋಗ ಗೊತ್ತಾ? ನಮ್ಮದು ಎರಡು ಎಕರೆ ತೋಟ. ಅರ್ಧ ಮರದ ಸೋಗೆ ಒಣಗಿ ನಿಂತಿದೆ.

ಲೆಕ್ಕದ ಶೆಟ್ಟಿ: ಬರೀ ಎರಡು ಎಕರೆ? ಹಾಗಾದ್ರೆ ಬಿಪಿಎಲ್ ಯಾಕೆ ಸಿಗಲಿಲ್ಲ? ಎಂತದೋ ಹೇಳದೆ ಬಿಟ್ಟಿದ್ದೀರಿ.

ಹೊಸನಗರ ಗೌಡ: ಮುಚ್ಚಿಡೋದು ಎಂತದೂ ಇಲ್ಲ. ಮನೆಯಲ್ಲಿ ಒಂದು ಜೀಪಿದೆ. 1996ರ ಕಮಾಂಡರ್. ಸ್ವಂತಕ್ಕೆ ನಾಲ್ಕು ಚಕ್ರದ ಗಾಡಿ ಇದ್ದರೆ ಬಿಪಿಎಲ್ ಇಲ್ಲ.

ಲೆಕ್ಕದ ಶೆಟ್ಟಿ: ಹಾಂ, ಈಗ ಬಾಯಿ ಬಿಟ್ಟರು. ಜೀಪಿನ ಸಾಹುಕಾರರಿಗೂ ಬಿಟ್ಟಿ ಆಪರೇಷನ್ ಬೇಕು.

ಸಾಗರದ ಮೇಷ್ಟ್ರು: 'ಸಾಹುಕಾರ' ಅನ್ನೋಕೆ ಮುಂಚೆ ಒಮ್ಮೆ ಆಷಾಢದಲ್ಲಿ ನಮ್ಮೂರಿಗೆ ಬನ್ನಿ. 108 ಹಳ್ಳದ ಆಚೆಗೇ ನಿಲ್ಲುತ್ತೆ. ಬಾಣಂತಿಯನ್ನೂ ಜೀಪಿನಲ್ಲೇ ತರಬೇಕು, ಮಂಗನ ಕಾಯಿಲೆ ಜ್ವರದವನನ್ನೂ ಜೀಪಿನಲ್ಲೇ ತರಬೇಕು. ಇನ್ನೊಂದು ತಮಾಷೆ ನೋಡಿ. ಅದೇ ಜೀಪಿಗೆ ಹಳದಿ ಬೋರ್ಡ್ ಹಾಕಿ ಬಾಡಿಗೆಗೆ ಓಡಿಸಿದರೆ ಹೊಟ್ಟೆಪಾಡು, ಕಾರ್ಡಿಗೆ ಅಡ್ಡಿ ಇಲ್ಲ. ಬಿಳಿ ಬೋರ್ಡ್ ಆದರೆ ಶ್ರೀಮಂತ.

ಲೆಕ್ಕದ ಶೆಟ್ಟಿ: ಹಳದಿ ಬೋರ್ಡ್ ಹಾಕಿಸಲಿ ಹಾಗಾದ್ರೆ. ಯಾರು ಬೇಡ ಎಂದರು? ಬಿಳಿ ಬೋರ್ಡಿನಲ್ಲೇ ಬಾಡಿಗೆ ಹೊಡೆಯುವವರು ಎಷ್ಟು ಜನ ಇದ್ದಾರೆ ಎಂದು ಸಂತೆ ದಿನ ನೋಡಿದರೆ ಗೊತ್ತಾಗುತ್ತೆ.

ಹೊಸನಗರ ಗೌಡ: ಯಾರು ಬಾಡಿಗೆ ಹೊಡೆದದ್ದು? ನೋಡಿದ್ದೀರಾ ನೀವು? ಸುಮ್ನೆ ಏನೇನೋ ಬರೆಯಬೇಡಿ.

ಕೊಪ್ಪದ ಕೂಸು: ಜೀಪು ಬಿಡಿ ಸ್ವಲ್ಪ. ಥಾಯ್ಲೆಂಡಿನಲ್ಲಿ 2002ರಲ್ಲೇ, ಬೇರೆ ವಿಮೆ ಇಲ್ಲದವರನ್ನೆಲ್ಲ ಒಂದೇ ಯೋಜನೆಗೆ ತಂದರು. ಒಂದು ಭೇಟಿಗೆ 30 ಬಾತ್. ಹೊರರೋಗಿ ಚಿಕಿತ್ಸೆಯೂ ಅದರಲ್ಲೇ ಸೇರಿತ್ತು. ಬಡವನೋ ಅಲ್ಲವೋ ಎಂದು ಜೀಪು ಎಣಿಸಲಿಲ್ಲ.

ಲೆಕ್ಕದ ಶೆಟ್ಟಿ: ಥಾಯ್ಲೆಂಡ್ ಎಷ್ಟು ದೊಡ್ಡದು ತಂಗಿ? ಸುಮಾರು 7 ಕೋಟಿ ಜನ. ನಮ್ಮದು 140 ಕೋಟಿ. ಇಲ್ಲಿ ಎಂತ ಆಗುತ್ತೆ ಗೊತ್ತಾ? ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ, ಆಯುಷ್ಮಾನ್ ಬಗ್ಗೆ ಕೊಟ್ಟ 2023ರ ವರದಿ ಓದಿ. ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು! ಆ ನಂಬರಿನ ಅಂಕಿ ಎಲ್ಲಾ 9!

ಕೊಪ್ಪದ ಕೂಸು: 7 ಕೋಟಿ ಅಂದ್ರೆ ಹೆಚ್ಚೂ ಕಡಿಮೆ ನಮ್ಮ ಕರ್ನಾಟಕದಷ್ಟೇ ಅಲ್ವಾ ಅಂಕಲ್? ಆ ಮೊಬೈಲ್ ನಂಬರಿಗೂ ಸರ್ಕಾರ ಉತ್ತರ ಕೊಟ್ಟಿದೆ. ಗುರುತು ನೋಡೋದು ಆಧಾರ್‌ನಲ್ಲಿ, ಮೊಬೈಲಿನಲ್ಲಿ ಅಲ್ಲ ಎಂದು. ಅದನ್ನು ನೀವು ಹೇಳಲೇ ಇಲ್ಲ.

ಲೆಕ್ಕದ ಶೆಟ್ಟಿ: ಅಂಕಲ್ ಅನ್ನಬೇಡಿ. ಸರ್ಕಾರ ಏನು ಕೇಳಿದರೂ ಉತ್ತರ ಕೊಡುತ್ತೆ.

ಔಷಧಿ ಅಂಗಡಿ: ಹೊರರೋಗಿ ಚಿಕಿತ್ಸೆ ಎಂದು ಆ ತಂಗಿ ಹೇಳಿದಳಲ್ಲ, ನಾನು ಹೇಳಿದ್ದೂ ಅದೇ...

ಸಾಗರದ ಮೇಷ್ಟ್ರು: ಶೆಟ್ಟರೇ, 2024ರಲ್ಲಿ ಕೇಂದ್ರವೇ 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷದ ವಿಮೆ ಘೋಷಿಸಿತು. ಅಲ್ಲಿ ಜೀಪು ಕೇಳಲಿಲ್ಲ. ನಿಮಗೆ 70 ಆದಾಗ ಬೇಡ ಅನ್ನುತ್ತೀರಾ?

ಲೆಕ್ಕದ ಶೆಟ್ಟಿ: ನನ್ನ ವಯಸ್ಸಿನ ಸುದ್ದಿ ಯಾಕೆ? ಗೌಡ್ರು ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಇತ್ತು. ಹಳ್ಳಿಯಲ್ಲಿ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ. ಅದೂ ಬೇಡ ಅಂದ್ರೆ ಪಾಲಿಸಿ ತಗೊಳ್ಳಲಿ, 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿಯೂ ಇಲ್ಲ. 18 ಪರ್ಸೆಂಟ್ ಪೂರ್ತಿ ತೆಗೆದರು.

ಹೊಸನಗರ ಗೌಡ: ಪಾಲಿಸಿ ತಗೊಂಡರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸುತ್ತಾರೆ. ನಮ್ಮ ಅಮ್ಮನಿಗೆ ಶುಗರ್ ಹದಿನೈದು ವರ್ಷದಿಂದ.

ಲೆಕ್ಕದ ಶೆಟ್ಟಿ: ಯಶಸ್ವಿನಿಗೆ ಉತ್ತರ ಇಲ್ಲ ಅಲ್ವಾ?

ಹೊಸನಗರ ಗೌಡ: ಅದನ್ನು 2018ರಲ್ಲಿ ನಿಲ್ಲಿಸಿ ನಾಲ್ಕು ವರ್ಷ ಬಿಟ್ಟು ಮತ್ತೆ ಶುರು ಮಾಡಿದರು. ನಡುವೆ ಬಿದ್ದವರು ಎಲ್ಲಿಗೆ ಹೋಗಬೇಕಿತ್ತು?

ಲೆಕ್ಕದ ಶೆಟ್ಟಿ: ನಿಮ್ಮ ತಮ್ಮ ಬಿದ್ದದ್ದು ಹೋದ ವರ್ಷ. ಆಗ ಇತ್ತು. ನೀವು ಕಟ್ಟಲಿಲ್ಲ. ಜೀಪಿಗೆ ಡೀಸೆಲ್ ಹಾಕಿಸೋಕೆ ದುಡ್ಡಿತ್ತು.

ಹೊಸನಗರ ಗೌಡ: ಡೀಸೆಲ್ ಸುದ್ದಿ ಎತ್ತಬೇಡಿ, ಹೇಳಿದ್ದೇನೆ. ಬೆನ್ನಿಗೆ ಕಟ್ಟಿಕೊಂಡು ತರಬೇಕಿತ್ತಾ ಅವನನ್ನು?

ಸಾಗರದ ಮೇಷ್ಟ್ರು: ಇಬ್ಬರೂ ಸ್ವಲ್ಪ ತಾಳಿ. ಕಟ್ಟಬೇಕಿತ್ತು, ಅದೊಂದು ಒಪ್ಪೋಣ. ಆದರೆ ಆ ಜೀಪಿಗೆ ಈಗ ಗುಜರಿ ಬೆಲೆಯೂ ಸಿಗಲ್ಲ.

ಲೆಕ್ಕದ ಶೆಟ್ಟಿ: ಗುಜರಿ ಬೆಲೆಯಾ? ಹಳೇ ಕಮಾಂಡರ್ ಹುಡುಕಿಕೊಂಡು ಬೆಂಗಳೂರಿನ ಹುಡುಗರು ಬರುತ್ತಾರೆ. ಅದು 1996ರದ್ದೇ ಎಂದು ಗ್ಯಾರಂಟಿ ಏನು?

ಹೊಸನಗರ ಗೌಡ: ಇಗೊಳ್ಳಿ, ಆರ್‌ಸಿ ಫೋಟೋ ಹಾಕಿದ್ದೇನೆ. ಕಣ್ಣು ಬಿಟ್ಟು ನೋಡಿ.

ಲೆಕ್ಕದ ಶೆಟ್ಟಿ: ನೋಡಿದೆ. ರಿನ್ಯೂವಲ್ 2021ಕ್ಕೇ ಮುಗಿದಿದೆಯಲ್ಲ ಗೌಡ್ರೇ.

ಹೊಸನಗರ ಗೌಡ: ಮುಗಿದಿದೆ. ಹಾಗಾದ್ರೆ ಕಾಗದದ ಪ್ರಕಾರ ಅದನ್ನು ರೋಡಿಗೆ ಇಳಿಸೋ ಹಾಗಿಲ್ಲ. ರೋಡಿಗೆ ಇಳಿಯದ್ದು ವಾಹನ ಹೇಗಾಗುತ್ತೆ? ಕೊಡಿಸಿ ಬಿಪಿಎಲ್ ಕಾರ್ಡ್.

ಲೆಕ್ಕದ ಶೆಟ್ಟಿ: ಹಾಗಾದ್ರೆ ತಮ್ಮನನ್ನು ಶಿವಮೊಗ್ಗಕ್ಕೆ ತಂದದ್ದು ಯಾವುದರಲ್ಲಿ?